ಗಂಡಭೇರುಂಡ: ಬಳ್ಳಿಗಾವೆಯ ಕಂಬದಿಂದ ಸರ್ಕಾರಿ ಲಾಂಛನದವರೆಗೆ

ಕರ್ನಾಟಕದ ರಾಜ್ಯ ಪಕ್ಷಿ ನೀಲಕಂಠ. ಶಾಲಾ ಮಕ್ಕಳು ಇದನ್ನು ಆನೆ, ಶ್ರೀಗಂಧ, ಕಮಲಗಳ ಜೊತೆಗೆ ಬಾಯಿಪಾಠ ಮಾಡುತ್ತಾರೆ. ಆದರೆ ಕನ್ನಡಿಗರ ಕಣ್ಣಿಗೆ ದಿನವೂ ಬೀಳುವ ಹಕ್ಕಿ ಬೇರೆಯೇ ಇದೆ. ಅದಕ್ಕೆ ಎರಡು ತಲೆ. ಯಾವ ಕಾಡಿನಲ್ಲೂ ಅದು ಗೂಡು ಕಟ್ಟಿಲ್ಲ. ಸರ್ಕಾರಿ ಆದೇಶದ ನೆತ್ತಿಯಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಪದವಿ ಪತ್ರದಲ್ಲಿ, ಕೆಂಪು ಬಸ್ಸಿನ ಮೈಮೇಲೆ ಅದು ರೆಕ್ಕೆ ಬಿಚ್ಚಿ ಕುಳಿತಿರುತ್ತದೆ.

ಗಂಡಭೇರುಂಡ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಮೈಸೂರು ಅರಮನೆ. ಒಡೆಯರ ಲಾಂಛನವೇ ರಾಜ್ಯದ ಲಾಂಛನವಾಯಿತು ಎಂಬ ಮಾತು ಸುಳ್ಳಲ್ಲ, ಆದರೆ ಅದು ಕಥೆಯ ಕೊನೆಯ ಅಧ್ಯಾಯ ಮಾತ್ರ. ಅರಮನೆಗಿಂತ ಬಹಳ ಹಿಂದೆಯೇ ಈ ಹಕ್ಕಿ ಕನ್ನಡ ನಾಡಿನ ಶಾಸನ, ಶಿಲ್ಪ, ನಾಣ್ಯಗಳಲ್ಲಿ ನೆಲೆಯೂರಿತ್ತು.

ಎರಡು ತಲೆಯ ಹಕ್ಕಿಯ ಕಲ್ಪನೆ ಕನ್ನಡಿಗರೊಬ್ಬರದೇ ಅಲ್ಲ. ತಕ್ಷಶಿಲೆಯ ಸಿರ್ಕಪ್‌ನಲ್ಲಿರುವ ಸ್ತೂಪವೊಂದರ ಪೀಠದಲ್ಲಿ ಎರಡು ತಲೆಯ ಗಿಡುಗವಿದೆ. ಅದಕ್ಕೂ ಎಷ್ಟೋ ಹಿಂದಿನ ಹಿಟೈಟ್ ಶಿಲ್ಪಗಳಲ್ಲಿಯೂ ಅಂಥ ರೂಪವಿದೆ. ಅಲ್ಲಿಂದ ಇಲ್ಲಿಗೆ ನೇರ ಗೆರೆ ಎಳೆಯುವುದು ಕಷ್ಟ. ಕರ್ನಾಟಕದ ಮಟ್ಟಿಗೆ ಗಟ್ಟಿ ನೆಲ ಸಿಗುವುದು ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ.

ಇಂದು ಸಣ್ಣ ಹಳ್ಳಿಯಾಗಿರುವ ಬಳ್ಳಿಗಾವೆ ಹನ್ನೊಂದನೆಯ ಶತಮಾನದಲ್ಲಿ ಬನವಾಸಿ ಪನ್ನಿರ್ಚ್ಛಾಸಿರ (ಹನ್ನೆರಡು ಸಾವಿರ) ಪ್ರಾಂತ್ಯದ ದೊಡ್ಡ ಪಟ್ಟಣ. ಕಾಳಾಮುಖ ಯತಿಗಳ ಕೋಡಿಯ ಮಠ ವಿದ್ಯೆಗೆ ಹೆಸರಾಗಿತ್ತು. ಅಲ್ಲಮಪ್ರಭುವಿನ ಹುಟ್ಟೂರು ಇದೇ ಎನ್ನುತ್ತದೆ ಪರಂಪರೆ. ಕಲ್ಯಾಣದ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ಕಾಲದಲ್ಲಿ ಬನವಾಸಿಯನ್ನು ಆಳುತ್ತಿದ್ದ ಚಾವುಂಡರಾಯರಸ 1047ರಲ್ಲಿ ಇಲ್ಲಿ ಜಗದೇಕಮಲ್ಲೇಶ್ವರನ ಗುಡಿಯೆದುರು ಭೇರುಂಡ ಸ್ತಂಭವನ್ನು ನಿಲ್ಲಿಸಿದ. ಶ್ರವಣಬೆಳಗೊಳದ ಚಾವುಂಡರಾಯನೇ ಬೇರೆ, ಈತನೇ ಬೇರೆ. ಸುಮಾರು 30 ಅಡಿ ಎತ್ತರದ ಆ ಕಂಬದ ತುದಿಯಲ್ಲಿ ನಿಂತಿರುವುದು ನಾವು ಬಲ್ಲ ಹಕ್ಕಿಯಲ್ಲ. ಮನುಷ್ಯನ ಮೈ, ಹಕ್ಕಿಯ ಎರಡು ತಲೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಗಂಡಭೇರುಂಡದ ಬಗ್ಗೆ ಪ್ರಚಲಿತವಿರುವ ಕಥೆ ವೈಷ್ಣವರದು. ಹಿರಣ್ಯಕಶಿಪುವನ್ನು ಕೊಂದ ಮೇಲೂ ನರಸಿಂಹನ ಕೋಪ ಇಳಿಯಲಿಲ್ಲ, ಶಿವ ಶರಭನಾಗಿ ಬಂದ, ಆ ಶರಭನನ್ನು ಅಡಗಿಸಲು ವಿಷ್ಣು ಗಂಡಭೇರುಂಡನಾದ ಎಂಬುದು ಅದರ ಸಾರ. ಕಥೆಯ ಮೊದಲರ್ಧವನ್ನು ಶೈವರು ಮೆರೆಸಿದರು, ಉಳಿದರ್ಧವನ್ನು ವೈಷ್ಣವರು ಸೇರಿಸಿದರು ಎಂದರೆ ತಪ್ಪಾಗಲಾರದು. ಹಾಗಿದ್ದರೆ ಶಿವನನ್ನು ಸೋಲಿಸಿದ ರೂಪಕ್ಕೆ ಶಿವಾಲಯದ ಎದುರೇ, ಅದೂ ಕಾಳಾಮುಖರ ಊರಿನಲ್ಲಿ, ಕಂಬ ನೆಟ್ಟರೆ? ಆ ಕಾಲಕ್ಕೆ ಗಂಡಭೇರುಂಡ ಮತದ ಗುರುತಾಗಿರದೆ ವೀರನೊಬ್ಬನ ಬಿರುದಿನ, ಅಧಿಕಾರದ ಗುರುತಾಗಿತ್ತು ಎಂದು ಊಹಿಸುವುದೇ ಹೆಚ್ಚು ಸರಿ. ಈ ಸೀಮೆಯ ಶಾಸನಗಳಲ್ಲಿ ದತ್ತಿ ಭೂಮಿಯನ್ನು ‘ಭೇರುಂಡ ಗಳೆ’ಯಿಂದ ಅಳೆದ ಉಲ್ಲೇಖ ಬರುವುದೂ ಈ ಊಹೆಗೆ ಬಲ ಕೊಡುತ್ತದೆ. ರೈತನ ಹೊಲದ ಅಳತೆಗೋಲಿಗೆ ಅಂಟಿದ ಹೆಸರು ಗರ್ಭಗುಡಿಯದ್ದಲ್ಲ, ಆಡಳಿತದ್ದು.

ಬೇಲೂರಿಗೆ ಬಂದರೆ ಬಲಾಬಲದ ಚಿತ್ರ ಇನ್ನೂ ಸ್ಪಷ್ಟ. ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದ ಒಂದು ಶಿಲ್ಪದಲ್ಲಿ ಜಿಂಕೆಯನ್ನು ಹೆಬ್ಬಾವು, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿದಿವೆ. ಸಾಮಂತರು, ಮಂಡಲೇಶ್ವರರು, ಚಕ್ರವರ್ತಿಗಳು ಒಬ್ಬರ ಮೇಲೊಬ್ಬರು ಏರಿ ಕೂರುತ್ತಿದ್ದ ರಾಜಕಾರಣಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ಯಾವ ಶಾಸನಕವಿಯೂ ಬರೆದಿರಲಾರ.

ವಿಜಯನಗರದಲ್ಲಿ ಹಕ್ಕಿ ಕಲ್ಲಿನಿಂದ ಚಿನ್ನಕ್ಕೆ ಹಾರಿತು. ಕೃಷ್ಣದೇವರಾಯನ ತಮ್ಮ ಅಚ್ಯುತದೇವರಾಯ (1529–1542) ತನ್ನ ವರಾಹ, ಅರ್ಧ ವರಾಹ ನಾಣ್ಯಗಳ ಮೇಲೆ ಗಂಡಭೇರುಂಡವನ್ನು ಟಂಕಿಸಿದ. ಹಿಂಬದಿಯಲ್ಲಿ ನಾಗರಿ ಲಿಪಿಯಲ್ಲಿ ರಾಜನ ಹೆಸರು. ಮುಂಬದಿಯಲ್ಲಿ ಕೊಕ್ಕು ಮತ್ತು ಉಗುರುಗಳಲ್ಲಿ ಆನೆಗಳನ್ನು ಎತ್ತಿ ಹಿಡಿದ ಹಕ್ಕಿ. ಎರಡು ಗ್ರಾಂ ಕೂಡ ತೂಗದ ಅರ್ಧ ವರಾಹದಲ್ಲಿ ಇಷ್ಟನ್ನೂ ಅಡಕ ಮಾಡಿದ ಅಕ್ಕಸಾಲಿಗನ ಕೈಚಳಕ ಮೆಚ್ಚಬೇಕಾದ್ದೇ. ಈ ಲಾಂಛನ ಜನರ ಕೈಯಿಂದ ಕೈಗೆ ಸಾಗತೊಡಗಿದ್ದು ಈ ನಾಣ್ಯಗಳಿಂದ. ಕೆಳದಿಯ ದೇಗುಲದ ಛಾವಣಿಯಲ್ಲಿಯೂ ಇದೇ ಹಕ್ಕಿಯ ಸೊಗಸಾದ ಕೆತ್ತನೆಯಿದೆ.

ಮೈಸೂರಿನ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು, ವಿಜಯನಗರದ ಹಲವು ಸಂಪ್ರದಾಯಗಳಿಗೆ ತಾವೇ ವಾರಸುದಾರರೆಂದು ನಡೆದುಕೊಂಡರು. ದಸರೆ ಹಾಗೆ ಬಂತು, ಗಂಡಭೇರುಂಡವೂ ಅದೇ ಹಾದಿ ಹಿಡಿದಿರಬೇಕು. ನಡುವೆ ಟಿಪ್ಪುವಿನ ಕಾಲದಲ್ಲಿ ಹುಲಿಯ ದರ್ಬಾರು ನಡೆಯಿತು. ಒಡೆಯರ ಲಾಂಛನದಲ್ಲಿ ಹಕ್ಕಿಯ ಎಡಬಲಕ್ಕೆ ಆನೆಯ ತಲೆ, ಸಿಂಹದ ಮೈಯ ಎರಡು ಪ್ರಾಣಿಗಳಿವೆ. ಅವನ್ನು ಶರಭ ಎಂದೇ ಕರೆಯುತ್ತಾರೆ. ಬೇಲೂರಿನಲ್ಲಿ ಗಂಡಭೇರುಂಡದ ಬಾಯಿಗೆ ತುತ್ತಾಗಿದ್ದ ಶರಭ ಮೈಸೂರಿನಲ್ಲಿ ಅದರ ಅಂಗರಕ್ಷಕನಾಗಿ ನಿಂತದ್ದು ತಮಾಷೆಯ ಬಡ್ತಿ!

1956ರ ನವೆಂಬರ್ 1ರಂದು ಹಳೆಯ ಮೈಸೂರಿಗೆ ಮುಂಬಯಿ, ಹೈದರಾಬಾದ್, ಮದರಾಸು ರಾಜ್ಯಗಳ ಕನ್ನಡ ಜಿಲ್ಲೆಗಳೂ ಕೊಡಗೂ ಸೇರಿ 19 ಜಿಲ್ಲೆಗಳ ರಾಜ್ಯವಾಯಿತು. ಮೈಸೂರು ಎಂಬ ಹೆಸರು ಉತ್ತರದವರಿಗೆ ಒಗ್ಗಲಿಲ್ಲ. ದೇವರಾಜ ಅರಸರ ಕಾಲದಲ್ಲಿ, 1973ರಲ್ಲಿ, ಅದು ಕರ್ನಾಟಕವಾಯಿತು. ಹೆಸರು ಹೋದರೂ ಹಕ್ಕಿ ಉಳಿಯಿತು. ಅದರ ಮೇಲೆ ಅಶೋಕನ ಸಿಂಹಗಳು ಬಂದವು, ಅರಮನೆಯ ತೈತ್ತಿರೀಯ ಉಪನಿಷತ್ತಿನ ಧ್ಯೇಯವಾಕ್ಯದ ಬದಲು ರಾಷ್ಟ್ರದ ಧ್ಯೇಯವಾಕ್ಯ ಬಂತು. ಈ ಹಕ್ಕಿಯನ್ನು ಉಳಿಸಿಕೊಂಡದ್ದು ಸರಿಯಾದ ನಿರ್ಧಾರವೇ. ಬೀದರ್ ಜಿಲ್ಲೆಯ ಕಲ್ಯಾಣದಿಂದ ಆಳಿದ ಚಾಲುಕ್ಯರ ಸಾಮಂತ ಕಂಬಕ್ಕೇರಿಸಿದ್ದನ್ನು, ತುಂಗಭದ್ರೆಯ ದಡದ ಹಂಪಿಯ ಅರಸ ಚಿನ್ನದಲ್ಲಿ ಅಚ್ಚೊತ್ತಿದ್ದನ್ನು ಮೈಸೂರಿನದಷ್ಟೇ ಎನ್ನುವುದು ಹೇಗೆ?

2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಹಳದಿ, ಬಿಳಿ, ಕೆಂಪು ಪಟ್ಟಿಗಳ ನಾಡಧ್ವಜದ ವಿನ್ಯಾಸವನ್ನು ಅನಾವರಣ ಮಾಡಿದಾಗ ನಡುವಿನ ಬಿಳಿಯಲ್ಲಿ ಕೂತದ್ದೂ ಗಂಡಭೇರುಂಡವಿರುವ ಈ ಲಾಂಛನವೇ. ಆ ಬಾವುಟಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿಲ್ಲ. ರಾಜ್ಯೋತ್ಸವದ ದಿನ ಹಾರುವುದು ಮ. ರಾಮಮೂರ್ತಿಯವರು ರೂಪಿಸಿದ ಹಳದಿ-ಕೆಂಪು ಬಾವುಟ.

ಬೇಲೂರು, ಹಂಪಿಗಳಿಗೆ ಹೋಗುವ ಪ್ರವಾಸಿಗರು ಬಳ್ಳಿಗಾವೆಯ ಕಡೆ ತಿರುಗುವುದು ಕಡಿಮೆ. ಶಿಕಾರಿಪುರದಿಂದ ಅದು ಸುಮಾರು 20 ಕಿಲೋಮೀಟರ್. ಕದಂಬರ ಸ್ತಂಭಶಾಸನವಿರುವ ತಾಳಗುಂದ ಅಲ್ಲಿಂದ ಕೂಗಳತೆಯಲ್ಲಿದೆ. ಕೇದಾರೇಶ್ವರ ದೇವಾಲಯವನ್ನು ನೋಡಿ ಹಾಗೆಯೇ ಹಿಂದಿರುಗಬೇಡಿ, ಊರೊಳಗಿನ ಕಂಬದ ತುದಿಯನ್ನೂ ಒಮ್ಮೆ ಕತ್ತೆತ್ತಿ ನೋಡಿ.