ಆಂಟೆನಾಗಳ ಸಾಮೀಪ್ಯ: ಪಶ್ಚಿಮ ಬೆಂಗಳೂರಿನ ನಿಸ್ತಂತು ಇತಿಹಾಸದ ಒಂದು ಪ್ರಶ್ನೆ

ಕರ್ನಾಟಕದ ನಿಸ್ತಂತು ಸಂವಹನದ ಇತಿಹಾಸವನ್ನು ಬಾನುಲಿ ಕೇಂದ್ರಗಳ ಸ್ಥಾಪನೆ ಹಾಗೂ ದೂರವಾಣಿ ಸೇವೆಯ ವಿಸ್ತರಣೆಯ ನೆಲೆಯಿಂದ ನಿರೂಪಿಸುವುದು ವಾಡಿಕೆ. ಆಂಟೆನಾಗಳು ಒಂದಕ್ಕೊಂದು ಎಷ್ಟು ಸಮೀಪದಲ್ಲಿ ನಿಂತವು, ಆ ಸಾಮೀಪ್ಯವನ್ನು ಯಾರು ನಿಯಂತ್ರಿಸಿದರು ಎಂಬ ಪ್ರಶ್ನೆಗಳೂ ಈ ಇತಿಹಾಸಕ್ಕೆ ಸೇರಿದವು.

ಸಾಮೀಪ್ಯವು ತನ್ನಷ್ಟಕ್ಕೆ ದೋಷವಲ್ಲ. ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಗೌರಿಬಿದನೂರಿನಲ್ಲಿ 1970ರ ದಶಕದಲ್ಲಿ ಸ್ಥಾಪಿಸಿದ ರೇಡಿಯೋ ದೂರದರ್ಶಕವೇ ಇದಕ್ಕೆ ನಿದರ್ಶನ. 34.5 ಮೆಗಾಹರ್ಟ್ಸ್ ಕಂಪನಾಂಕದ ಈ ವ್ಯವಸ್ಥೆಯಲ್ಲಿ 1000 ದ್ವಿಧ್ರುವ ಆಂಟೆನಾಗಳನ್ನು ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ಜೋಡಿಸಲಾಗಿತ್ತು. ಅಕ್ಕಪಕ್ಕದ ಆಂಟೆನಾಗಳು ಪರಸ್ಪರ ವಿದ್ಯುತ್ಪ್ರವಾಹವನ್ನು ಪ್ರೇರಿಸುವುದು ಅನಿವಾರ್ಯ. ಆದರೆ ಎಲ್ಲವೂ ಒಂದೇ ವಿನ್ಯಾಸಕ್ಕೆ ಒಳಪಟ್ಟಿದ್ದುದರಿಂದ ಅವುಗಳ ಸಂಕೇತಗಳನ್ನು ಕೂಡಿಸಿ ಆಕಾಶದ ಕ್ಷೀಣ ಅಲೆಗಳನ್ನು ಗ್ರಹಿಸುವುದು ಸಾಧ್ಯವಾಯಿತು.

ನಗರದ ಮಾಳಿಗೆಗಳ ಕಥೆ ಬೇರೆ. ಮಾಗಡಿ ರಸ್ತೆಯ ಸುಂಕದಕಟ್ಟೆಯಂತಹ ಜನನಿಬಿಡ ಬಡಾವಣೆಗಳಲ್ಲಿ ಗೋಪುರ ನಿಲ್ಲಿಸಲು ತಕ್ಕ ಜಾಗ ವಿರಳ. ಹೀಗಾಗಿ ಬೇರೆ ಬೇರೆ ಕಂಪನಿಗಳ ಆಂಟೆನಾಗಳು ಒಂದೇ ಗೋಪುರವನ್ನು ಅಥವಾ ಅಕ್ಕಪಕ್ಕದ ಮಾಳಿಗೆಗಳನ್ನು ಹಂಚಿಕೊಳ್ಳುವುದು ನಗರದ ರೂಢಿಯಾಯಿತು. ಭಾರತದಲ್ಲಿ ಸಿಡಿಎಂಎ ಗೋಪುರಗಳು ಪ್ರಸಾರ ಮಾಡುತ್ತಿದ್ದುದು 869ರಿಂದ 889 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ. ಜಿಎಸ್‌ಎಂ ಗೋಪುರಗಳು ಚಂದಾದಾರರ ಫೋನುಗಳಿಗೆ ಕಿವಿಗೊಡುತ್ತಿದ್ದುದು 890ರಿಂದ 915ರವರೆಗಿನ ಪಟ್ಟಿಯಲ್ಲಿ. ಒಬ್ಬರ ಬಾಯಿಯ ಪಕ್ಕದಲ್ಲೇ ಮತ್ತೊಬ್ಬರ ಕಿವಿ ಇಟ್ಟಂತಹ ಸ್ಥಿತಿ ಇದು. ಗೋಪುರದ ಪ್ರೇಷಕದ ಶಕ್ತಿ ಸುಮಾರು 20 ವ್ಯಾಟ್ ಇದ್ದರೆ, ದೂರದ ಫೋನಿನಿಂದ ಬಂದು ತಲಪುವ ಶಕ್ತಿ ಅದರ ಲಕ್ಷ ಕೋಟಿಯಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ಇರಬಹುದು. ಆದ್ದರಿಂದ ಪಟ್ಟಿಯ ಅಂಚನ್ನು ಮೀರಿ ಸೋರಿದ ಅತ್ಯಲ್ಪ ಶಕ್ತಿಯೂ ಆ ಸಂಕೇತವನ್ನು ಮುಳುಗಿಸಬಲ್ಲದು.

ಪ್ರೇಷಕಕ್ಕೆ ಶೋಧಕವನ್ನು ಅಳವಡಿಸುವುದು, ಆಂಟೆನಾಗಳನ್ನು ಅಕ್ಕಪಕ್ಕದ ಬದಲು ಒಂದರ ಮೇಲೊಂದರಂತೆ ಅಂತರವಿಟ್ಟು ನಿಲ್ಲಿಸುವುದು ಇದರ ಪರಿಹಾರಗಳು. ತೊಡಕಿದ್ದುದು ಹೊಣೆಗಾರಿಕೆಯಲ್ಲಿ: ಅಡಚಣೆಯನ್ನು ಉಂಟುಮಾಡುವವರು ಒಬ್ಬರು, ಅನುಭವಿಸುವವರು ಮತ್ತೊಬ್ಬರು. ಮಾತು ತುಂಡಾದ ಚಂದಾದಾರನಿಗೆ ಕಾರಣ ತಿಳಿಯುವಂತೆಯೂ ಇರಲಿಲ್ಲ. ಗೋಪುರವಷ್ಟೇ ಅಲ್ಲದೆ ಆಂಟೆನಾ, ತಂತಿ ಮೊದಲಾದ ಸಕ್ರಿಯ ಅಂಗಗಳನ್ನೂ ಹಂಚಿಕೊಳ್ಳಲು ದೂರಸಂಪರ್ಕ ಇಲಾಖೆ 2008ರಲ್ಲಿ ಅವಕಾಶ ನೀಡಿತು. 2010ರ ದಶಕದಲ್ಲಿ ಸಿಡಿಎಂಎ ಸೇವೆಗಳು ಕೊನೆಗೊಂಡು ಆ ಪಟ್ಟಿ 4ಜಿ ಸೇವೆಗೆ ಬಳಕೆಯಾದರೂ ನೆರೆಹೊರೆಯ ಸಮಸ್ಯೆ ಉಳಿಯಿತು.

ಅದೇ 2008ರಲ್ಲಿ ಕೆಂಗೇರಿಯಾಚೆಯ ಬ್ಯಾಲಾಳುವಿನಲ್ಲಿ ಇಸ್ರೋ ಸಂಸ್ಥೆಯ ಗಗನಾಂತರಾಳ ಸಂಪರ್ಕ ಕೇಂದ್ರ ಸಿದ್ಧವಾಯಿತು. ಚಂದ್ರಯಾನ-1ಕ್ಕಾಗಿ ಅಲ್ಲಿ 18 ಮತ್ತು 32 ಮೀಟರ್ ವ್ಯಾಸದ ಎರಡು ಆಂಟೆನಾಗಳನ್ನು ನಿಲ್ಲಿಸಲಾಯಿತು. ತಟ್ಟೆಯಂತೆ ತಗ್ಗಾದ ಆ ನೆಲ ಹೊರಗಿನ ರೇಡಿಯೋ ಅಡಚಣೆಯನ್ನು ತಡೆಯುವುದರಿಂದ ಸ್ಥಳದ ಆಯ್ಕೆಗೆ ಒದಗಿಬಂತು.

ಗೌರಿಬಿದನೂರು ಸಾಮೀಪ್ಯವನ್ನು ವಿನ್ಯಾಸದಿಂದ ಪಳಗಿಸಿತು. ಬ್ಯಾಲಾಳು ಭೂರಚನೆಯ ಆಶ್ರಯ ಪಡೆಯಿತು. ಇವೆರಡೂ ಲಭ್ಯವಿಲ್ಲದ ಸುಂಕದಕಟ್ಟೆಯಂತಹ ನೆಲೆಗಳಿಗೆ ಉಳಿದದ್ದು ಪರಸ್ಪರ ಒಪ್ಪಂದ ಮತ್ತು ನಿಯಮಗಳ ದಾರಿ. ಆಂಟೆನಾಗಳ ನಡುವಣ ಅಂತರವು ತಾಂತ್ರಿಕ ಅಳತೆಯಾಗಿರುವಂತೆಯೇ ಸಾರ್ವಜನಿಕ ಆಡಳಿತದ ಅಳತೆಯೂ ಆಗಿದೆ ಎಂಬುದು ಈ ಇತಿಹಾಸದಿಂದ ವಿದಿತವಾಗುತ್ತದೆ.