ವಿಮೆಯ ಬಾಗಿಲು ಅಜ್ಜ-ಅಜ್ಜಿಗೆ ತೆರೆದ ಕತೆ

ವಿಮೆಯ ಲೆಕ್ಕವೇ ವಿಚಿತ್ರ ನೋಡಿ. ಗಟ್ಟಿಮುಟ್ಟಾದ ಮೂವತ್ತರ ಹುಡುಗನಿಗೆ ಮನೆಗೇ ಬಂದು ಪಾಲಿಸಿ ಕೊಡುತ್ತಾರೆ. ಆಸ್ಪತ್ರೆ ನಿಜಕ್ಕೂ ಬೇಕಾದ ಎಪ್ಪತ್ತರ ಅಜ್ಜ ಕೇಳಿದರೆ ಹತ್ತೆಂಟು ಪ್ರಶ್ನೆ! ಕಂಪನಿಗಳ ಮಾತು ಬಿಡಿ, ಅದು ಅವರ ವ್ಯಾಪಾರ. ಸರಕಾರ ಏನು ಮಾಡಿತು?

1943ರಲ್ಲಿ ಪ್ರೊ. ಬಿ.ಪಿ. ಅಡಾರ್ಕರ್ ಅವರಿಗೆ ಕಾರ್ಖಾನೆ ಕಾರ್ಮಿಕರ ಆರೋಗ್ಯ ವಿಮೆಯ ಯೋಜನೆ ರೂಪಿಸುವ ಕೆಲಸ ಒಪ್ಪಿಸಲಾಯಿತು. ಅದರ ಫಲವೇ 1948ರ ಇ.ಎಸ್.ಐ. ಕಾಯ್ದೆ. 1952ರ ಫೆಬ್ರವರಿ 24ರಂದು ನೆಹರೂ ಕಾನ್ಪುರದಲ್ಲಿ ಯೋಜನೆಯನ್ನು ಉದ್ಘಾಟಿಸಿದರು. 1954ರಲ್ಲಿ ಕೇಂದ್ರ ಸರಕಾರಿ ನೌಕರರಿಗೆ ಸಿ.ಜಿ.ಎಚ್.ಎಸ್. ಬಂತು. ಎರಡಕ್ಕೂ ನೌಕರಿಯೇ ಆಧಾರ. ಊರಿನ ರೈತನಿಗಾಗಲಿ, ಮುಂಬಯಿಯ ಸಣ್ಣ ಹೋಟೆಲಿನಲ್ಲಿ ಲೋಟ ತೊಳೆದು ಮುದುಕನಾದವನಿಗಾಗಲಿ ಏನೂ ಇಲ್ಲ.

1986ರಲ್ಲಿ ಸರಕಾರಿ ವಿಮಾ ಕಂಪನಿಗಳು ಮೆಡಿಕ್ಲೈಮ್ ತಂದವು. ಆದರೆ ಮೊದಲೇ ಇದ್ದ ಕಾಯಿಲೆಗೆ ಅದರಲ್ಲಿ ಹಣವಿಲ್ಲ. ಬಿ.ಪಿ., ಸಕ್ಕರೆ ಕಾಯಿಲೆ ಎರಡೂ ಇಲ್ಲದ ಮುದುಕರು ಎಷ್ಟು ಜನ ಸಿಗುತ್ತಾರೆ ಸ್ವಾಮಿ? ಹುಟ್ಟಿನಿಂದಲೇ ಅಂಗವಿಕಲರಾದವರಿಗೂ ಇದೇ ಗೋಡೆ ಅಡ್ಡ.

ಗೋಡೆ ಬಿರುಕು ಬಿಟ್ಟದ್ದು 2008ರಲ್ಲಿ. ನ್ಯಾಷನಲ್ ಟ್ರಸ್ಟಿನ 'ನಿರಾಮಯ' ಯೋಜನೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ ವೈದ್ಯಕೀಯ ಪರೀಕ್ಷೆಯಿಲ್ಲದೆ 1 ಲಕ್ಷದವರೆಗೆ ರಕ್ಷಣೆ ಕೊಟ್ಟಿತು. ಅದೇ ವರ್ಷ ಬಡವರಿಗೆ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಬಂತು. ವಯಸ್ಸಿನ ಮಿತಿಯಿಲ್ಲ, ಹಳೆಯ ಕಾಯಿಲೆಗೂ ಸೈ. ಆದರೆ ಕುಟುಂಬಕ್ಕೆ 30,000 ರೂಪಾಯಿ, ಐದೇ ತಲೆ. ಗಂಡ, ಹೆಂಡತಿ, ಮೂವರು ಮಕ್ಕಳಾದರೆ ಅಜ್ಜಿಗೆ ಜಾಗವೆಲ್ಲಿ?

2018ರ ಸೆಪ್ಟೆಂಬರ್ 23ರಂದು ಶುರುವಾದ ಆಯುಷ್ಮಾನ್ ಭಾರತ್ ಆ ತಲೆ ಎಣಿಕೆಯನ್ನು ಬಿಟ್ಟಿತು, ಮೊತ್ತವನ್ನು 5 ಲಕ್ಷಕ್ಕೆ ಏರಿಸಿತು. ಹಳ್ಳಿಗಳಲ್ಲಿ, ದುಡಿಯಬಲ್ಲ ವಯಸ್ಕರಿಲ್ಲದ ಅಂಗವಿಕಲರ ಕುಟುಂಬಗಳನ್ನೂ ಅರ್ಹರೆಂದು ಎಣಿಸಿತು. ಆದರೂ ಬಡವರ ಪಟ್ಟಿಯಲ್ಲಿ ಹೆಸರಿರಬೇಕಿತ್ತು. 2024ರ ಅಕ್ಟೋಬರ್ 29ರಂದು 70 ದಾಟಿದವರಿಗೆ ಆ ಷರತ್ತೂ ಹೋಯಿತು. ಆದಾಯ ಎಷ್ಟೇ ಇರಲಿ, ವಯಸ್ಸೇ ಅರ್ಹತೆ. ಇ.ಎಸ್.ಐ. ಕಾಯ್ದೆಯಿಂದ ಇಲ್ಲಿಗೆ ಬರಲು 76 ವರ್ಷ ಹಿಡಿಯಿತು!

ಊರು ಬಿಟ್ಟ ನಮ್ಮಂಥವರಿಗೆ ಇದು ಬರೀ ಚರಿತ್ರೆಯಲ್ಲ. ಅಪ್ಪ-ಅಮ್ಮ ಆರು ತಿಂಗಳು ಊರಲ್ಲಿ, ಆರು ತಿಂಗಳು ನಮ್ಮ ಫ್ಲ್ಯಾಟಿನಲ್ಲಿ. ಎಪ್ಪತ್ತು ದಾಟಿದೆಯೇ ಎಂದು ನೋಡುವುದು ಆಧಾರಿನಲ್ಲಿರುವ ವಯಸ್ಸನ್ನೇ, ಆದ್ದರಿಂದ ಹುಟ್ಟಿದ ವರ್ಷ ತಪ್ಪಿದ್ದರೆ ಈಗಲೇ ಸರಿಪಡಿಸಿಕೊಳ್ಳಿ. ಖಾಸಗಿ ಪಾಲಿಸಿ ಇದ್ದರೂ ಅಡ್ಡಿಯಿಲ್ಲ. ಸಿ.ಜಿ.ಎಚ್.ಎಸ್.ನವರು ಮಾತ್ರ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಆಸ್ಪತ್ರೆ ಪಟ್ಟಿಯಲ್ಲಿದೆಯೇ ಎಂದು 14555ಕ್ಕೆ ಫೋನ್ ಮಾಡಿ ಮೊದಲೇ ಕೇಳಿಕೊಳ್ಳಿ.

ಇಷ್ಟಾದರೂ ಇದು ಆಸ್ಪತ್ರೆಗೆ ದಾಖಲಾದಾಗ ಮಾತ್ರ. ದಿನಾ ನುಂಗುವ ಬಿ.ಪಿ. ಮಾತ್ರೆಯ ಬಿಲ್ಲು ನಮ್ಮ ಜೇಬಿನದೇ. ಎಪ್ಪತ್ತಾಗದ ಅಂಗವಿಕಲರು ಇನ್ನೂ ಪಟ್ಟಿಯಲ್ಲಿ ತಮ್ಮ ಹೆಸರು ಹುಡುಕುತ್ತಲೇ ಇದ್ದಾರೆ. ಬಾಗಿಲು ತೆರೆದಿದೆ ನಿಜ, ಪೂರ್ತಿ ತೆರೆದಿಲ್ಲ.