ಚಳಿಜ್ವರದ ಕಾಲದಲ್ಲಿ ಬಂದ ವಿದೇಶಿ ನೆರವು



ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹಿರಿಯರನ್ನು ಕೇಳಿ ನೋಡಿ. ಮನೆಯ ಗೋಡೆಗೆ ಡಿಡಿಟಿ ಹೊಡೆಯಲು ಬರುತ್ತಿದ್ದವರನ್ನು ಅವರು ಮರೆತಿರಲಾರರು. ಮಲೆನಾಡೆಂದರೆ ಚಳಿಜ್ವರ ಎಂದು ಬಯಲುಸೀಮೆಯವರು ಹೆದರುತ್ತಿದ್ದ ಕಾಲವದು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು. ಸುಮಾರು 8 ಲಕ್ಷ ಮಂದಿ ಸಾಯುತ್ತಿದ್ದರು.

1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಅಮೆರಿಕ ಡಿಡಿಟಿ ಕಳುಹಿಸಿತು. ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ದೂರದ ಯೋಚನೆ ಮಾಡಿ, ಡಿಡಿಟಿಯನ್ನು ಇಲ್ಲೇ ತಯಾರಿಸಲು ಯಂತ್ರಗಳನ್ನೂ ತಾಂತ್ರಿಕ ತಿಳಿವಳಿಕೆಯನ್ನೂ ಕೊಟ್ಟವು. 1954ರಲ್ಲಿ ಹಿಂದೂಸ್ತಾನ್ ಇನ್‌ಸೆಕ್ಟಿಸೈಡ್ಸ್ ಸ್ಥಾಪನೆಯಾಗಿ, ದೆಹಲಿಯಲ್ಲಿ ಕಾರ್ಖಾನೆ ಶುರುವಾಯಿತು. 1961ರ ಹೊತ್ತಿಗೆ ದಾಖಲಾದ ರೋಗಿಗಳ ಸಂಖ್ಯೆ ಸುಮಾರು 50 ಸಾವಿರಕ್ಕೆ ಇಳಿಯಿತು.

ಆದರೆ ಗೆದ್ದೆವೆಂದು ನಿಗಾ ಸಡಿಲವಾಯಿತು. ಸೊಳ್ಳೆಗಳು ಡಿಡಿಟಿಗೆ ಜಗ್ಗದಾದವು. ಇಲ್ಲಿ ತಯಾರಾದದ್ದು ಸಾಲದೆ, ಹೊರಗಿನಿಂದ ಬರಬೇಕಾದದ್ದು ಸಮಯಕ್ಕೆ ಬಾರದೆ ಸಿಂಪಡಣೆ ಕುಂಟಿತು. 1976ರಲ್ಲಿ 64 ಲಕ್ಷ ಪ್ರಕರಣಗಳು ದಾಖಲಾದವು.

ಶ್ರೀಮಂತ ದೇಶಗಳು ಕಲಿಯಬೇಕಾದ ಪಾಠ ಇಲ್ಲಿದೆ. ಮೂಟೆ ಇಳಿಸಿ ಹೋದರೆ ನೆರವು ಮುಗಿಯುವುದಿಲ್ಲ. ಪಡೆದವರು ಬೇಕಾದಷ್ಟನ್ನು ತಾವೇ ತಯಾರಿಸುವಂತಾಗಬೇಕು. ರೋಗ ತಗ್ಗಿದ ಮೇಲೂ ಹಳ್ಳಿಯ ಆರೋಗ್ಯ ಕಾರ್ಯಕರ್ತರ ಸಂಬಳ ನಿಲ್ಲಬಾರದು. ಮುಂದಿನ ವರ್ಷ ಕೊಡುವವರು ಬಾರದಿದ್ದರೂ ಕೆಲಸ ನಡೆಯುವಂತೆ ಕೊಡುವುದೇ ಒಳ್ಳೆಯ ನೆರವು.